ಕೂಗು ಪರೀಕ್ಷೆ

ದಿಕ್ಕುದೆಸೆಯಿಲ್ಲದ ಕಂಪ್ಯೂಟರ್ ಯಂತ್ರ ಯಾರದ್ದು ಅಂತ ಕಂಡುಹಿಡಿಯುವುದಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಪದ್ಧತಿ ಇತ್ತು. ಅದರ ನೆಟ್‌ವರ್ಕನ್ನು ಸದ್ದಿಲ್ಲದೆ ಕಡಿದು ಹಾಕುವುದು, ಆಮೇಲೆ ಫೋನಿನ ಪಕ್ಕ ಕೂತು ಕಾಯುವುದು. ಆಸ್ಪತ್ರೆಯ ಯಾವುದಾದರೂ ಮೂಲೆಯಿಂದ ‘ಅಯ್ಯಯ್ಯೋ, ನನ್ನ ಕೆಲಸ ನಿಂತುಹೋಯ್ತಲ್ರೀ’ ಅಂತ ಕೂಗು ಬಂತೋ, ಕೂಗಿದವರೇ ವಾರಸುದಾರರು. ಕ್ಷಮೆ ಕೇಳಿ ಮತ್ತೆ ಜೋಡಿಸಿಕೊಡುವುದು. ಕೂಗು ಬರಲಿಲ್ಲವೋ, ಯಾರಿಗೂ ಬೇಡದ್ದು, ಅಳಿಸಿಬಿಡುವುದು. ಇದಕ್ಕೆ ಕೂಗು ಪರೀಕ್ಷೆ ಅಂತ ಹೆಸರು. ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ, ಆದರೆ ಸರ್ವರ್ ಕಾಯುವವರೆಲ್ಲ ಒಂದಲ್ಲ ಒಂದು ದಿನ ಮಾಡಿಯೇ ಇರುತ್ತಾರೆ.

ನೆಲಮಾಳಿಗೆಯ ಹಿರಿಯಾಳನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದರು. ಹಿಂದೊಮ್ಮೆ ಅವಳ ಅಕ್ಕನ ಮಗ ಅಲ್ಲೇ ಕೆಲಸಕ್ಕಿದ್ದ. ಅವನು ಕರೆದ, ಉಳಿದವರ ಬಾಯಿಗೂ ಹತ್ತಿತು. ಅವನು ಬಿಟ್ಟುಹೋದ, ಹೆಸರು ಉಳಿಯಿತು. ಈಗ ಅವಳಿಗಿಂತ ವಯಸ್ಸಾದ ಸರ್ಜನ್ನರೂ ಫೋನಿನಲ್ಲಿ ‘ಚಿಕ್ಕಮ್ಮ, ಎಕ್ಸ್‌ರೇ ತೆರ್‍ಕೊಳ್ತಿಲ್ಲ’ ಅಂತಲೇ ಶುರು ಮಾಡುತ್ತಾರೆ.

ತನ್ನ ಕೆಲಸ ಏನು ಅಂತ ಅವಳು ಅತ್ತೆಗೆ ಹೇಳಿದ್ದು ಹೀಗೆ: ‘ವಠಾರ ನೋಡ್ಕೊಳ್ಳೋದು. ಕಬ್ಬಿಣದ ಪೆಟ್ಟಿಗೆ ಒಂದೇ, ಅದರೊಳಗೆ ಹತ್ತಾರು ಕಂಪ್ಯೂಟರ್‌ಗಳು ಬಾಡಿಗೆಗಿರ್ತವೆ. ಒಂದಕ್ಕೂ ಮೈಯಿಲ್ಲ, ಆದ್ರೆ ಪ್ರತಿಯೊಂದೂ ಇಡೀ ಮನೆ ತನ್ನದೇ ಅಂದ್ಕೊಂಡಿರತ್ತೆ. ಯಾರು ಜಾಸ್ತಿ ನೀರು ಬಳಸ್ತಾರೆ, ಯಾರು ಬಾಗ್ಲು ಹಾಕ್ಕೊಂಡು ಮಲಗಿದಾರೆ, ಅದನ್ನೆಲ್ಲ ನಾನು ನೋಡ್ಬೇಕು.’

ಅತ್ತೆ ಯೋಚನೆ ಮಾಡಿ, ‘ಇಲ್ಲೂ ಅದೇ ಕೆಲಸ, ಅಲ್ಲೂ ಅದೇ ಕೆಲಸ ಅನ್ನು’ ಅಂದಿದ್ದರು.

ಈಗ ಆ ವಠಾರದ ಹಳೇ ಕಟ್ಟಡ ಕೆಡವುವ ಹೊತ್ತು ಬಂದಿತ್ತು. ಹೊಸ ಸರ್ವರ್‌ಗಳು ಬಂದು ಕೂತಿದ್ದವು. ಹಳೆಯ ಪೆಟ್ಟಿಗೆಗಳನ್ನು, ಅವುಗಳ ಡಿಸ್ಕುಗಳ ಸಮೇತ, ಶುಕ್ರವಾರ ಲಾರಿಯವರು ಬಂದು ಒಯ್ಯುತ್ತಾರೆ. ಒಳಗಿದ್ದ ಯಂತ್ರಗಳನ್ನೆಲ್ಲ ಚಿಕ್ಕಮ್ಮ ಒಂದೊಂದಾಗಿ ಹೊಸ ಮನೆಗೆ ದಾಟಿಸಿದ್ದಳು. ಉಳಿದದ್ದು ಒಂದೇ. ಅದರ ಹೆಸರು ‘ಟೆಂಪ್-ಎರಡು’. ಅಂದರೆ ತಾತ್ಕಾಲಿಕ. ಯಾರೋ ಯಾವಾಗಲೋ ‘ಸದ್ಯಕ್ಕಿರಲಿ’ ಅಂತ ಮಾಡಿದ್ದು. ಸದ್ಯಕ್ಕೆ ಅಂತ ಮಾಡಿದ್ದರಷ್ಟು ಗಟ್ಟಿಯಾಗಿ ಲೋಕದಲ್ಲಿ ಇನ್ಯಾವುದೂ ಬಾಳುವುದಿಲ್ಲ. ಮಾಡಿದವನು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಇದು ಮಾತ್ರ ಉಸಿರಾಡುತ್ತಲೇ ಇತ್ತು. ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ. ಒಳಗೇನಿದೆಯೋ ಕಾಣದು.

ಹೊಸ ಸರ್ವರ್‌ಗೆ ವಾರಸುದಾರರಿಲ್ಲದ ಯಂತ್ರ ಬರಕೂಡದು ಅಂತ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಅಪ್ಪಣೆ. ಅದಕ್ಕೇ ಕೂಗು ಪರೀಕ್ಷೆ. ನೆಟ್‌ವರ್ಕ್ ಕಡಿದು ವಾರದ ಮೇಲಾಗಿತ್ತು. ಯಾರೂ ಕಮಕ್ ಕಿಮಕ್ ಅಂದಿರಲಿಲ್ಲ.

‘ಅಳಿಸ್ಬಿಡಿ ಚಿಕ್ಕಮ್ಮ’ ಅಂದ ಪಕ್ಕದ ಕುರ್ಚಿಯ ರೇಡಿಯೋ. ಅವನಿಗೆ ಆ ಹೆಸರು ಯಾಕೆ ಅಂತ ಅವನ ಜೊತೆ ಒಂದು ಸಲ ಲಿಫ್ಟಿನಲ್ಲಿ ಹೋದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ನಾಳೆ ಲಾರಿ ಬರತ್ತೆ. ನಿಮಗೆ ಕೈ ಬರದಿದ್ರೆ ನಾನು ಒತ್ತುತೀನಿ. ನಿಮ್ಮದು ಹೆಂಗರುಳು, ನನ್ನದು ಕಬ್ಬಿಣ.’

‘ಇದು ಮುಂಚೆ ಯಾರ ಜೊತೆ ಮಾತಾಡ್ತಿತ್ತು, ನೋಡಿದ್ಯಾ?’

‘ನೋಡ್ದೆ. ಗೋಡೆಯಲ್ಲಿ ನೆಟ್‌ವರ್ಕ್ ವೈರು ಸಿಕ್ಕಿಸೋ ಒಂದೇ ಒಂದು ಪೋರ್ಟು. ನಕ್ಷೇಲಿ ಲಾಂಡ್ರಿ ಹಿಂದಿನ ಸ್ಟೋರ್ ರೂಮು ಅಂತಿದೆ. ಫೋನ್ ಮಾಡ್ದೆ, ರಿಂಗೇ ಆಗಲ್ಲ. ಸ್ಟೋರ್ ರೂಮಲ್ಲಿ ಯಾರಿರ್ತಾರೆ ಚಿಕ್ಕಮ್ಮ? ಜಿರಲೆ ಫೋನ್ ಎತ್ತತ್ತಾ?’

ಚಿಕ್ಕಮ್ಮ ನಗಲಿಲ್ಲ. ಶಾಲು ಬಿಗಿಯಾಗಿ ಹೊದ್ದುಕೊಂಡು ಪರದೆ ನೋಡುತ್ತ ಕೂತಳು. ‘ನಾಳೆ ಬೆಳಿಗ್ಗೆ ನೋಡೋಣ’ ಅಂದಳು.

*

ಆ ಸ್ಟೋರ್ ರೂಮು ಸ್ಟೋರ್ ರೂಮಾಗಿ ಉಳಿದಿರಲಿಲ್ಲ. ಲಾಂಡ್ರಿಯ ಹಬೆ ಕಿಟಕಿಯ ಗಾಜಿಗೆ ಬಡಿಯುವ ಆ ಕೋಣೆಯಲ್ಲಿ, ಗೋಡೆಗಳ ತುಂಬ ಹಲಗೆ, ಹಲಗೆಗಳ ತುಂಬ ಪಾದ. ಬಿಳಿ ಫೋಮಿನ ಪಾದಗಳು, ಜೋಡಿ ಜೋಡಿ. ಸಕ್ಕರೆ ಕಾಯಿಲೆಯಲ್ಲಿ ಬೆರಳು ಕಳಕೊಂಡವರದ್ದು, ಹುಟ್ಟಾ ಸೊಟ್ಟಗಿದ್ದದ್ದು, ಒಂದು ಉದ್ದ ಒಂದು ಗಿಡ್ಡ. ಅಂಗಡಿಯ ಚಪ್ಪಲಿ, ಜೋಡು ಆಗದವರಿಗೆ ಅಲ್ಲಿ ಅವರವರ ಕಾಲಿನ ಅಚ್ಚು ಕೆತ್ತಿ, ಅದರ ಮೇಲೆ ಜೋಡು ಕಟ್ಟಿಕೊಡುತ್ತಿದ್ದರು. ಕಟ್ಟುವವಳನ್ನು ರೋಗಿಗಳು ಪಾದದಕ್ಕ ಅಂತ ಕರೆಯುತ್ತಿದ್ದರು. ಆಸ್ಪತ್ರೆಯ ಉಳಿದವರು ಅವಳನ್ನು ಏನಂತಲೂ ಕರೆಯುತ್ತಿರಲಿಲ್ಲ, ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ರೋಗಿ ಗಾಜಿನ ಮಣೆಯ ಮೇಲೆ ನಿಂತರೆ ಕಾಲಿನ ಚಿತ್ರ ಪರದೆಗೆ ಬರುತ್ತದೆ. ಎಲ್ಲಿ ಭಾರ ಬೀಳುತ್ತೆ, ಎಲ್ಲಿ ಹುಣ್ಣು ಇತ್ತು ಅಂತ ನೋಡಿ ಪಾದದಕ್ಕ ಚಿತ್ರವನ್ನು ತಿದ್ದುತ್ತಾಳೆ. ಮೂಲೆಯ ಕೆತ್ತುವ ಯಂತ್ರ ಅಚ್ಚನ್ನು ಕೆತ್ತುತ್ತದೆ. ಇದನ್ನೆಲ್ಲ ನಡೆಸುವ ತಲೆ ಮೇಜಿನ ಕೆಳಗಿನ ಡಬ್ಬಿಯಲ್ಲಿದೆ ಅಂತ ಅವಳು ನಂಬಿದ್ದಳು. ತಲೆ ಇದ್ದದ್ದು ನೆಲಮಾಳಿಗೆಯ ಟೆಂಪ್-ಎರಡರಲ್ಲಿ. ಆ ಕೋಣೆಗೆ ಬಂದುಹೋದ ರೋಗಿಗಳ ಪಾದಗಳೆಲ್ಲ ಅದರೊಳಗೇ ಇದ್ದವು.

ವಾರದ ಕೆಳಗೆ ಒಂದು ಬೆಳಿಗ್ಗೆ ಪರದೆಯ ನಡುವೆ ಚಕ್ರವೊಂದು ತಿರುಗತೊಡಗಿತು. ಕೆಳಗೆ ಅಕ್ಷರ: ದಯವಿಟ್ಟು ಕಾಯಿರಿ.

ಪಾದದಕ್ಕ ಕಾದಳು.

ಹೇಳಿಕೊಟ್ಟ ಮೇಷ್ಟ್ರು, ಅವಳಿಗಿಂತ ಮುಂಚೆ ಅಲ್ಲಿದ್ದವರು, ನಿವೃತ್ತರಾಗುವಾಗ ಒಂದೇ ಮಾತು ಒತ್ತಿ ಹೇಳಿದ್ದರು: ‘ನೋಡಮ್ಮ, ಅದು ಕಾಯಿ ಅಂದಾಗ ಸುಮ್ನೆ ಕಾಯ್ಬೇಕು. ನಾನೊಂದ್ಸಲ ತಾಳ್ಮೆ ಕೆಟ್ಟು ಗುಂಡಿ ಒತ್ತಿ ಕೆಲವರ ಪಾದಗಳನ್ನೇ ಕಳಕೊಂಡೆ. ಮುಟ್ಬೇಡ. ಅದಾಗಿ ಅದೇ ಸರಿಹೋಗತ್ತೆ.’ ಅವಳು ಮುಟ್ಟಲಿಲ್ಲ. ರಾತ್ರಿ ಆರಿಸದೆ ಹೋದಳು, ಬೆಳಿಗ್ಗೆ ಬಂದು ನೋಡಿದಳು, ಚಕ್ರ ತಿರುಗುತ್ತಿತ್ತು. ಧೂಳು ಕೂರದಿರಲಿ ಅಂತ ಬಟ್ಟೆ ಹೊದಿಸಿದಳು. ಅಷ್ಟರಲ್ಲಿ ಸಣ್ಣಪುಟ್ಟ ಕೆಲಸ ಪ್ಲಾಸ್ಟರಿನಲ್ಲಿ ಕೈಯಿಂದಲೇ ಮಾಡಿಕೊಂಡಳು.

ಕೈಯಿಂದ ಆಗದ್ದು ಒಂದಿತ್ತು. ಬಸ್ಸಿನ ಡ್ರೈವರಾಗಿ ನಿವೃತ್ತರಾದ ಒಬ್ಬರು. ಎಡಗಾಲಿನ ಅಚ್ಚು ಕೆತ್ತಿ ಮುಗಿದು ಜೋಡೂ ಆಗಿತ್ತು. ಬಲಗಾಲಿನ ಸರದಿ ಬಂದಾಗಲೇ ಚಕ್ರ ಶುರುವಾದದ್ದು. ಆ ಬಲಗಾಲಲ್ಲೇ ಎರಡು ಬೆರಳಿಲ್ಲ, ಅಂಗಾಲಿನ ಹುಣ್ಣು ಈಗಷ್ಟೇ ಮಾಯ್ದಿತ್ತು. ಹಳೇ ಚಪ್ಪಲಿಯಲ್ಲಿ ನಡೆದರೆ ಹುಣ್ಣು ಮತ್ತೆ ಬಾಯಿ ಬಿಡುತ್ತದೆ, ಈ ಸಲ ಬಿಟ್ಟರೆ ಕಾಲು ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳಿದ್ದರು. ಡ್ರೈವರು ಬಲಗಾಲು ಊರದೆ ಊರುಗೋಲಿನ ಮೇಲೆ ದಿನಾ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು.

‘ಏನಕ್ಕಾ, ನಮ್ಮ ಗಾಡಿ ಇನ್ನೂ ಸಿಗ್ನಲ್ಲಲ್ಲೇ ನಿಂತಿದೆಯಾ?’

‘ಕಾಯಿ ಅಂತಿದೆ ಅಣ್ಣಾ.’

‘ಅದು ಹೇಳ್ತು ಅಂತ ನೀನು ಕೇಳ್ತಿದೀಯಲ್ಲ. ಗಂಡನ ಮಾತು ಇಷ್ಟು ಕೇಳಿದ್ಯಾ?’

‘ಗಂಡ ದಯವಿಟ್ಟು ಅಂತ ಹೇಳಿರ್ಲಿಲ್ಲ.’

ಡ್ರೈವರು ನಕ್ಕರು. ‘ಯಾರಿಗಾದ್ರೂ ಹೇಳ್ಬಾರ್ದಾ?’

ಪಾದದಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ‘ಏನಂತ ಹೇಳ್ಲಿ? ಕೆಡಿಸಿದ್ದು ನಾನೇ ಇರ್ಬೇಕು. ಹೋದ ಸಲ ಪ್ರಿಂಟರ್ ಕೆಟ್ಟಾಗ, ಈ ಕೋಣೇನೇ ಮುಚ್ಚಿಬಿಟ್ರೆ ಆಯ್ತು, ಜೋಡು ಹೊರಗಡೆ ಮಾಡಿಸೋಣ ಅಂದಿದ್ರು ಆಫೀಸಿನವರು. ಸುಮ್ನಿದ್ರೆ ವಾಸಿ. ನಾಳೆ ಬಂದುಬಿಡತ್ತೆ, ನೋಡಿ.’

*

ಆ ಗುರುವಾರ ಸಂಜೆ ಚಿಕ್ಕಮ್ಮ ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಇತ್ತೀಚೆಗೆ ಅವರು ಅಲ್ಲೇ ಇರುತ್ತಿದ್ದರು. ಮೊದಲೆಲ್ಲ ಕತ್ತಲಾದರೆ ತಮ್ಮ ಕೋಣೆ ಸೇರುವವರು ಈಗ ಎಲ್ಲರ ನಡುವೆ ಕೂರುತ್ತಾರೆ, ಟಿವಿ ನೋಡುತ್ತಾರೆ. ‘ವಯಸ್ಸಾದ ಮೇಲೆ ಅತ್ತೆಗೆ ಜನ ಬೇಕು ಅನ್ನಿಸ್ತಿದೆ’ ಅಂತ ಚಿಕ್ಕಮ್ಮ ಗಂಡನ ಹತ್ತಿರ ಖುಷಿಯಿಂದ ಹೇಳಿಯೂ ಇದ್ದಳು. ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೂಂಗುಟ್ಟಿದ್ದ.

ಅಂದು ಯಾವುದೋ ಬೆಡ್‌ಶೀಟು ಬೇಕಾಗಿ ಅವಳು ಅತ್ತೆಯ ಕೋಣೆಗೆ ಹೋಗಿ ಸ್ವಿಚ್ ಒತ್ತಿದಳು. ದೀಪ ಹತ್ತಲಿಲ್ಲ.

‘ಅತ್ತೇ, ಬಲ್ಬು ಹೋಗಿದೆಯಲ್ಲ, ಯಾವಾಗಿಂದ?’

‘ಎಷ್ಟೋ ದಿನ ಆಯ್ತಮ್ಮ.’

‘ಹೇಳ್ಬಾರ್ದಿತ್ತಾ?’

‘ನೀನು ಸುಸ್ತಾಗಿ ಬರ್ತೀಯ. ನಿನ್ನ ಗಂಡನ್ನ ಎಬ್ಬಿಸಿದ್ರೆ ಗಡಿಯಾರದ ಸ್ಕ್ರೂ ಎಲ್ಲಾ ಚೆಲ್ತಾನೆ. ಇಲ್ಲಿ ಬೆಳಕಿತ್ತು, ಕೂತ್ಕೊಂಡೆ.’ ಅತ್ತೆ ಬಟಾಣಿಯಿಂದ ತಲೆ ಎತ್ತಲಿಲ್ಲ. ‘ಆ ಧಾರಾವಾಹಿ ನೋಡಿ ನೋಡಿ ತಲೆ ಚಿಟ್ಟು ಹಿಡಿದುಹೋಯ್ತು ನಂಗೆ.’

ಚಿಕ್ಕಮ್ಮ ಸ್ಟೂಲು ತಂದು ಬಲ್ಬು ಹಾಕಿದಳು. ಅತ್ತೆ ಎದ್ದು, ಬಟಾಣಿಯ ಬುಟ್ಟಿ ಸಮೇತ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಡುಮನೆಯಲ್ಲಿ ನಿಂತು ಚಿಕ್ಕಮ್ಮ ಆ ಬಾಗಿಲನ್ನು ಬಹಳ ಹೊತ್ತು ನೋಡಿದಳು. ಜನ ಬೇಕು ಅನ್ನಿಸಿತ್ತಂತೆ! ತನ್ನ ಬುದ್ಧಿಗಿಷ್ಟು.

*

ಶುಕ್ರವಾರ ಬೆಳಿಗ್ಗೆ ಅವಳು ನೆಲಮಾಳಿಗೆಗೆ ಇಳಿಯಲಿಲ್ಲ. ನೇರ ಲಾಂಡ್ರಿಯ ಹಿಂದಕ್ಕೆ ಹೋದಳು. ಹಬೆಯೊಳಗೆ ಬಾಗಿಲು ಹುಡುಕಿ ತಟ್ಟಿದಳು.

‘ಬನ್ನಿ ಬನ್ನಿ, ಸೀಟು ಖಾಲಿ ಇದೆ’ ಅಂತ ಒಳಗಿಂದ ಡ್ರೈವರ ದನಿ.

ಹಲಗೆಗಳ ಮೇಲಿನ ಪಾದಗಳನ್ನು ಕಂಡು ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತಳು. ‘ನಾನು ಕೆಳಗಿನವಳು, ಸರ್ವರ್ ನೋಡ್ಕೊಳ್ಳೋಳು. ಇಲ್ಲಿ ಕಂಪ್ಯೂಟರ್ ಇದೆಯಾ?’

ಪಾದದಕ್ಕ ಎದ್ದುನಿಂತಳು. ‘ಇದೆ ಅಮ್ಮ. ನಾನೇನೂ ಒತ್ತಿಲ್ಲ.’ ಬಟ್ಟೆ ಸರಿಸಿದಳು. ಚಕ್ರ ತಿರುಗುತ್ತಿತ್ತು.

‘ಇದು ಯಾವಾಗಿಂದ ಹೀಗೆ?’

‘ಹೋದ ವಾರದಿಂದ. ಕಾಯಿ ಅಂದಿತ್ತು, ಕಾದೆ.’

‘ನಮಗೆ ಒಂದು ಫೋನು…’

‘ಫೋನು ಇಲ್ಲಮ್ಮ ಇಲ್ಲಿ.’ ಸರಿಸಿದ ಬಟ್ಟೆ ಮಡಿಸುತ್ತ, ‘ಇದ್ದಿದ್ರೂ ಮಾಡ್ತಿರ್ಲಿಲ್ಲ ಅನ್ನಿ’ ಅಂದಳು.

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು. ‘ತಪ್ಪು ನಿಮ್ಮದಲ್ಲ. ಕಡಿದವಳು ನಾನು. ಯಾರದ್ದು ಅಂತ ಗೊತ್ತಿರ್ಲಿಲ್ಲ. ಯಾರಾದ್ರೂ ಕೂಗ್ತಾರಾ ಅಂತ ನೋಡ್ತಾ ಇದ್ದೆ.’

‘ಇವಳು ಕೂಗೋದಾ?’ ಅಂದರು ಡ್ರೈವರು. ‘ಬೆರಳಿಗೆ ಸುತ್ತಿಗೆ ಬಿದ್ರೂ ಸಾರಿ ಅಂತ ಸುತ್ತಿಗೆಗೆ ಹೇಳ್ತಾಳೆ.’

ಚಿಕ್ಕಮ್ಮ ಮೊಬೈಲಿನಲ್ಲಿ ರೇಡಿಯೋಗೆ ಹೇಳಿದಳು. ಅವನು ಕೆಳಗೆ ಕೂತು ಟೆಂಪ್-ಎರಡಕ್ಕೆ ನೆಟ್‌ವರ್ಕ್ ಜೋಡಿಸಿದ. ಚಕ್ರ ಒಮ್ಮೆ ತಡವರಿಸಿ ಮಾಯವಾಯಿತು. ಪರದೆಯ ಮೇಲೆ ಒಂದು ಬಲಗಾಲು, ಎರಡು ಬೆರಳು ಕಡಿಮೆ. ಪಾದದಕ್ಕ ಅದನ್ನು ನೋಡಿ ‘ಬಂದ್ರಾ’ ಅಂದಳು, ಊರಿಂದ ಬಂದವರನ್ನು ಕೇಳುವ ಹಾಗೆ.

ಆದರೆ ಲಾರಿ ಬರುವುದಿತ್ತು. ಪಾದಗಳೆಲ್ಲ ಇನ್ನೂ ಹಳೇ ಪೆಟ್ಟಿಗೆಯಲ್ಲೇ ಇದ್ದವು. ಚಿಕ್ಕಮ್ಮ ಮುಖ್ಯಸ್ಥರಿಗೆ ಫೋನು ಮಾಡಿ ವಿಷಯ ಹೇಳಿದಳು. ಅವರು ಕೆಟ್ಟವರಲ್ಲ, ಅವಸರದವರು. ‘ಒಳ್ಳೇದಾಯ್ತು ಸಿಕ್ಕಿದ್ದು. ಆದ್ರೆ ವಾರಸುದಾರರ ಹೆಸರು ಯಾರದ್ದು ಹಾಕ್ತೀರಿ? ಇನ್ನೊಂದು ಅನಾಥ ಯಂತ್ರ ಬೇಡ ನನಗೆ. ಕೆಟ್ರೆ ಕೇಳೋರು, ಅಳಿಸ್ತೀವಿ ಅಂದ್ರೆ ತಡೆಯೋರು, ಒಬ್ಬರು ಬೇಕು.’

ಚಿಕ್ಕಮ್ಮ ಪಾದದಕ್ಕನ ಕಡೆ ನೋಡಿದಳು. ಆ ಹೆಣ್ಣು ಏಪ್ರನ್ನಿಗೆ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

‘ನಾನು ಈ ಕುರ್ಚಿಗೂ ಯಜಮಾನಿ ಅಲ್ಲಮ್ಮ.’

‘ಕುರ್ಚಿ ಬಿಡಿ. ಈ ಪಾದಗಳು ಯಾರವು?’

‘ಅವ್ರವ್ರವು’ ಅಂದಳು ಪಾದದಕ್ಕ. ಆಮೇಲೆ ಹಲಗೆಗಳನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ, ‘ನೋಡ್ಕೊಳ್ಳೋಳು ನಾನು. ನನ್ನ ಹೆಸರೇ ಹಾಕಿ’ ಅಂದಳು.

*

ಚಿಕ್ಕಮ್ಮ ತನ್ನ ಮೊಬೈಲನ್ನು ಅವಳ ಕೈಗಿಟ್ಟು ನೆಲಮಾಳಿಗೆಗೆ ಓಡಿದಳು. ಲಾರಿಯವರು ಆಗಲೇ ಬಂದು ಕೈಗಾಡಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಉಳಿದ ಪೆಟ್ಟಿಗೆಗಳು ಬಾಗಿಲಾಚೆ ಸಾಲಾಗಿ ನಿಂತಿದ್ದವು. ಒಂದು ಮಾತ್ರ ಒಳಗೆ ಗುಯ್‌ಗುಡುತ್ತಿತ್ತು.

‘ಆರಿಸಿ ಕಾಪಿ ಮಾಡಿಬಿಡೋಣ್ವಾ?’ ಅಂದ ರೇಡಿಯೋ.

‘ಬೇಡ. ಎಷ್ಟು ವರ್ಷದಿಂದ ಎದ್ದೇ ಇದೆಯೋ. ಮಲಗಿಸಿದ್ರೆ ಮತ್ತೆ ಏಳತ್ತೆ ಅನ್ನೋ ಧೈರ್ಯ ನಂಗಿಲ್ಲ. ಎಚ್ಚರ ಇರೋವಾಗ್ಲೇ ಎತ್ಕೊಂಡು ಹೋಗ್ಬೇಕು.’

ಅದೂ ಆಗುವ ಕೆಲಸವೇ. ಯಂತ್ರ ಓಡುತ್ತಿರುವಾಗಲೇ ಅದರ ನೆನಪು, ಸಾಮಾನು ಎಲ್ಲವನ್ನೂ ಹೊಸ ಸರ್ವರ್‌ಗೆ ಸ್ವಲ್ಪ ಸ್ವಲ್ಪ ಸಾಗಿಸಿ, ಕೊನೆಗೆ ಒಂದು ಕಣ್ಣು ಮಿಟುಕಿನಲ್ಲಿ ಜೀವವನ್ನು ಆಚೆ ದಾಟಿಸಿಬಿಡುವುದು. ಸರಿಹೋದರೆ ಬಳಸುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ. ತಪ್ಪಿದರೆ ಮಾತ್ರ ಗೊತ್ತಾಗುತ್ತದೆ. ಒಳಗೇನು ನಡೆಯುತ್ತಿದೆ ಅಂತ ನೋಡಲು ಚಿಕ್ಕಮ್ಮನಿಗೆ ಪಾಸ್‌ವರ್ಡಿಲ್ಲ. ಆ ಯಂತ್ರ ಬದುಕಿದೆಯೋ ಇಲ್ಲವೋ ಹೇಳಬಲ್ಲವಳು ಒಬ್ಬಳೇ.

ಅವಳು ಮೇಜಿನ ಫೋನೆತ್ತಿ ತನ್ನದೇ ನಂಬರಿಗೆ ಮಾಡಿದಳು.

‘ಅಕ್ಕಾ, ನಾನು. ಡ್ರೈವರಣ್ಣನ ಬಲಗಾಲು ಕೆತ್ತೋಕೆ ಹಾಕಿ. ಕೆತ್ತುತಾ ಇರ್ಲಿ. ಫೋನ್ ಇಡ್ಬೇಡಿ. ಏನಾದ್ರೂ ನಿಂತ್ರೆ ತಕ್ಷಣ ಹೇಳಿ.’

‘ಕಾಯಿ ಅಂದ್ರೆ?’

‘ಕಾಯ್ಬೇಡಿ.’

ಫೋನಿನಲ್ಲಿ ಕೆತ್ತುವ ಯಂತ್ರದ ಗರ್‍ರ್ ಸದ್ದು ಶುರುವಾಯಿತು. ಅದರ ಜೊತೆ ಡ್ರೈವರ ಮಾತು. ‘ಅಲ್ಲಿ ನನ್ನ ಹೆಬ್ಬೆರಳು ಸ್ವಲ್ಪ ಚೆಂದ ಮಾಡಮ್ಮ, ಹೇಗೂ ಮಾಡ್ತಿದೀಯಲ್ಲ.’ ಪಾದದಕ್ಕ ಏನೋ ಗೊಣಗಿದಳು. ಚಿಕ್ಕಮ್ಮನ ಪರದೆಯ ಮೇಲೆ ಹಸಿರು ಪಟ್ಟಿ ಇಂಚಿಂಚಾಗಿ ಬೆಳೆಯುತ್ತಿತ್ತು. ರೇಡಿಯೋ ಬಾಯಿ ಮುಚ್ಚಿಕೊಂಡಿದ್ದ. ಅದನ್ನು ಕಂಡು ಲಾರಿಯವರಿಗೂ ಏನೋ ದೊಡ್ಡದೇ ನಡೆಯುತ್ತಿದೆ ಅನ್ನಿಸಿ ಅವರೂ ಚಹಾದ ಲೋಟ ಕೆಳಗಿಟ್ಟರು.

ಪಟ್ಟಿ ತುಂಬಿತು. ‘ಯಶಸ್ವಿ’ ಅಂತ ಬಂತು. ಎಲ್ಲ ಹಸಿರು.

‘ಹೋಯ್ತು!’ ಅಂದ ರೇಡಿಯೋ. ‘ತಗೊಳ್ರಪ್ಪ, ಪೆಟ್ಟಿಗೆ ಆರಿಸ್ತೀನಿ.’

‘ಇರು’ ಅಂದಳು ಚಿಕ್ಕಮ್ಮ. ಫೋನಿನಲ್ಲಿ ಗರ್‍ರ್ ನಿಂತಿತ್ತು. ‘ಅಕ್ಕಾ? ಏನಾಯ್ತು?’

‘ಏನಿಲ್ಲಮ್ಮ’ ಅಂದಿತು ಆ ದನಿ, ರೂಢಿಯಂತೆ.

‘ಅಕ್ಕಾ!’

ಒಂದು ಉಸಿರೆಳೆದ ಸದ್ದು. ಆಮೇಲೆ ಫೋನು ಬಿರಿಯುವ ಹಾಗೆ: ‘ನಿಂತಿದೆ! ನಿಂತುಬಿಟ್ಟಿದೆ ಅಮ್ಮಾ! ಹಿಮ್ಮಡಿ ಅರ್ಧಕ್ಕೇ ನಿಂತಿದೆ, ಕಾಯಿ ಅಂತಿದೆ, ನಾನು ಕಾಯಲ್ಲ, ಏನಾದ್ರೂ ಮಾಡಿ! ಬೇಗ ಮಾಡ್ರೀ!’

ರೇಡಿಯೋನ ಕೈ ಸ್ವಿಚ್ಚಿನಿಂದ ತಾನಾಗಿಯೇ ಹಿಂದೆ ಬಂತು. ಲಾರಿಯವನೊಬ್ಬ ಎದ್ದುನಿಂತ.

ಚಿಕ್ಕಮ್ಮನ ಬೆರಳು ಕೀಲಿಗಳ ಮೇಲೆ ಓಡಿತು. ಯಂತ್ರ ಬದುಕಿತ್ತು. ಹೊಸ ಮನೆಗೆ ಬಂದು ಕೂತಿತ್ತು. ಆದರೆ ಹಳೇ ಮನೆಯಲ್ಲಿ ಅದು ಹಿಡಿದಿದ್ದ ನೆಟ್‌ವರ್ಕಿಗೆ ಇದ್ದ ಹೆಸರು ಇಲ್ಲಿ ಬೇರೆ. ಬಾಗಿಲು ಎಲ್ಲಿ ಅಂತ ತಿಳಿಯದೆ ಕತ್ತಲಲ್ಲಿ ನಿಂತಿತ್ತು, ಅಷ್ಟೇ. ಹಸಿರು ಪಟ್ಟಿಗೆ ಅದೆಲ್ಲ ಕಾಣುವುದಿಲ್ಲ. ಅವಳು ಸರಿಯಾದ ನೆಟ್‌ವರ್ಕ್ ಹುಡುಕಿ ಜೋಡಿಸಿದಳು.

ಗರ್‍ರ್.

‘ಬಂತು’ ಅಂದಳು ಪಾದದಕ್ಕ. ‘ಬಂತು, ಬಂತು. ಹಿಮ್ಮಡಿ ನಿಂತಲ್ಲಿಂದಲೇ ಹಿಡ್ಕೊಂಡಿದೆ.’

‘ಹಳೇ ಪಾದಗಳು ಇವೆಯಾ ನೋಡಿ.’

ಒತ್ತುವ ಸದ್ದು, ಒತ್ತುವ ಸದ್ದು. ‘ಇವೆ. ಬೇಕರಿಯವಳದ್ದು ಇದೆ. ಆ ಅವಳಿ ಹುಡುಗೀರದ್ದು ಇದೆ. ತೀರಿಕೊಂಡ್ರಲ್ಲ ಹಾಡೋ ಮೇಡಂ, ಅವರದ್ದೂ ಇದೆ.’

ಚಿಕ್ಕಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಆಮೇಲೆ ರೇಡಿಯೋಗೆ ಸನ್ನೆ ಮಾಡಿದಳು. ಅವನು ಹಳೇ ಪೆಟ್ಟಿಗೆ ಆರಿಸಿದ. ಅದರ ಗುಯ್ ಸದ್ದು ಇಳಿದು ಇಳಿದು ನಿಂತಿತು. ಲಾರಿಯವರು ಅದನ್ನು ಕೈಗಾಡಿಗೆ ಏರಿಸತೊಡಗಿದರು.

‘ಅಮ್ಮಾ?’ ಅಂದಿತು ಫೋನು. ‘ಇದ್ದೀರಾ?’

‘ಇದ್ದೀನಿ ಅಕ್ಕಾ.’

‘ಜಾಸ್ತಿ ಕೂಗಿಬಿಟ್ನಾ?’

ಚಿಕ್ಕಮ್ಮ ಉತ್ತರ ಹೇಳುವ ಮೊದಲೇ ಹಿಂದಿನಿಂದ ಡ್ರೈವರ ದನಿ ನುಗ್ಗಿತು. ‘ನನ್ನ ಸರ್ವೀಸಲ್ಲಿ ಇಂಥ ಹಾರ್ನು ಇರೋ ಬಸ್ಸೇ ಕೊಡ್ಲಿಲ್ಲಮ್ಮ ಅವರು! ಲಾಂಡ್ರಿಯವರೆಲ್ಲ ಬಂದು ಬಾಗ್ಲಲ್ಲಿ ನಿಂತಿದಾರೆ. ಈ ರೂಮಲ್ಲಿ ಯಾರೋ ಇದಾರೆ ಅಂತ ಇವತ್ತೇ ಗೊತ್ತಾಯ್ತಂತೆ ಅವರಿಗೆ.’

‘ನೀವು ಸುಮ್ನಿರಿ ಅಣ್ಣಾ, ಕಾಲು ಅಲ್ಲಾಡಿಸ್ಬೇಡಿ’ ಅಂದಳು ಪಾದದಕ್ಕ. ಆ ಹೊತ್ತಿಗೆ ಅವರ ಕಾಲು ಗಾಜಿನ ಮಣೆಯ ಮೇಲೆ ಇರಲೇ ಇಲ್ಲ. ಆಮೇಲೆ ಅವಳು ಬಾಗಿಲ ಕಡೆ ತಿರುಗಿರಬೇಕು, ದನಿ ಸ್ವಲ್ಪ ದೂರವಾಯಿತು. ‘ಒಳಗೆ ಬನ್ನಿ, ಯಾಕೆ ಅಲ್ಲೇ ನಿಂತ್ರಿ? ಕೂತ್ಕೊಳ್ಳಿ. ಇಲ್ಲ, ಇಲ್ಲ, ಏನೂ ಕೆಟ್ಟಿಲ್ಲ. ಕೆಳಗಿನವರ ಹತ್ರ ಮಾತಾಡ್ತಾ ಇದ್ದೆ.’

ಮೊಬೈಲು ತನ್ನದು, ಹೋಗಿ ತರಬೇಕು ಅಂತ ಚಿಕ್ಕಮ್ಮನಿಗೆ ನೆನಪಿತ್ತು. ಆದರೂ ಅವಳು ಏಳಲಿಲ್ಲ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಶಾಲು ಎಳೆದುಕೊಂಡು, ಮೇಲೆ ಒಂದು ಬಲಗಾಲು ಪೂರ್ತಿಯಾಗುವುದನ್ನು ಕೇಳುತ್ತ ಕೂತಳು.